ಆರ್.ಟಿ. ನಗರದಲ್ಲಿ ಅಂಗಡಿ: ಗಿಟ್ಟೀತೇ?

ಬೆಳೆದವನೇ ಪೇಟೆಗೆ ಹೋಗಿ ಮಾರಬೇಕು ಅನ್ನುವ ಮಾತು ಕೇಳಲು ಚೆನ್ನಾಗಿದೆ. ಮಳಿಗೆಗೆ ಮುಂಗಡ ಕೊಡುವ ಮೊದಲು ಒಂದು ಹಾಳೆ, ಒಂದು ಪೆನ್ಸಿಲು ಹಿಡಿದು ಕೂರುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ನಮ್ಮದು ದೊಡ್ಡಬಳ್ಳಾಪುರ ತಾಲೂಕು. ಊರಿನ ಹನ್ನೊಂದು ಮನೆಯವರು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಯಾರದೂ ದೊಡ್ಡ ಹಿಡುವಳಿಯಲ್ಲ, ಒಂದೂವರೆ ಎಕರೆಯಿಂದ ನಾಲ್ಕು ಎಕರೆ. ರಾಗಿ, ಅವರೆ, ಸೊಪ್ಪು, ಟೊಮೆಟೊ, ಬೀನ್ಸು, ಬದನೆ. ಇಬ್ಬರದು ದ್ರಾಕ್ಷಿ ತೋಟ. ಇಷ್ಟು ದಿನ ಗೊಬ್ಬರ, ಬಿತ್ತನೆ ಬೀಜ ಒಟ್ಟಿಗೆ ತರುವುದಷ್ಟೇ ಗುಂಪಿನ ಕೆಲಸವಾಗಿತ್ತು.

ಮೊನ್ನೆ ನಮ್ಮಲ್ಲೊಬ್ಬರ ಮಗ ಹಬ್ಬಕ್ಕೆ ಬಂದಿದ್ದ. ಹೆಬ್ಬಾಳದ ಹತ್ತಿರ ಕಂಪನಿ ಕೆಲಸ, ಆರ್.ಟಿ. ನಗರದಲ್ಲಿ ಬಾಡಿಗೆ ಮನೆ. ಬಂದವನೇ ಅಪ್ಪನ ಹತ್ತಿರ ಜಗಳ ತೆಗೆದ. "ನೀನು ಕೆಜಿಗೆ 12 ರೂಪಾಯಿಗೆ ಮಂಡಿಗೆ ಹಾಕಿದ ದಿನವೇ ನಮ್ಮ ಬೀದೀಲಿ ಟೊಮೆಟೊ 36. ಮಧ್ಯದ 24 ರೂಪಾಯಿ ಯಾರ ಜೇಬಿಗೆ? ಮುಖ್ಯರಸ್ತೇಲಿ ಒಂದು ಮಳಿಗೆ ಖಾಲಿ ಇದೆ. ಹನ್ನೊಂದು ಜನ ಸೇರಿ ಹಿಡೀರಿ. 'ರೈತರದೇ ಅಂಗಡಿ' ಅಂತ ಬೋರ್ಡು ಹಾಕಿದರೆ ಜನ ಸಾಲು ನಿಲ್ತಾರೆ" ಅಂದ.

ಮಾತು ಎಲ್ಲರಿಗೂ ಹಿಡಿಸಿತು. ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಬಾಡಿಗೆ ಮುಂಗಡ, ಮೇಲೆ ಕಪಾಟು, ಕ್ರೇಟು, ತಕ್ಕಡಿ. ಲೆಕ್ಕ ಹಾಕಿದರೆ ತಲೆಗೆ 45 ಸಾವಿರದ ಮೇಲೆ ಬೀಳುತ್ತದೆ. ಒಬ್ಬರು ಹಸು ಮಾರುತ್ತೇನೆ ಅಂದರು. ಇನ್ನೊಬ್ಬರು ಓಲೆ ಅಡವಿಡುವ ಮಾತಾಡಿದರು. ನನ್ನ ಪಾಲಿನ ಹಣ ಕೊಳವೆಬಾವಿಯ ಮೋಟಾರಿಗೆಂದು ಎತ್ತಿಟ್ಟದ್ದು. ಇಂಥ ಹಣ ಹಾಕುವಾಗ ಉತ್ಸಾಹ ಒಂದೇ ಸಾಲದು. ನಾವು ಹಾಕಿ ನೋಡಿದ ಲೆಕ್ಕವನ್ನು ಇಲ್ಲಿ ಕೊಟ್ಟಿದ್ದೇನೆ. ಇದೇ ಯೋಚನೆಯಲ್ಲಿರುವ ಬೇರೆ ಊರಿನವರಿಗೂ ಉಪಯೋಗವಾಗಬಹುದು.

ಮಧ್ಯದ ಹಣ ಎಲ್ಲಿ ಹೋಗುತ್ತದೆ?

ಹುಡುಗ ಹೇಳಿದ್ದು ಸುಳ್ಳಲ್ಲ. ರಿಸರ್ವ್ ಬ್ಯಾಂಕು 2024ರಲ್ಲಿ ಹೊರತಂದ ಅಧ್ಯಯನವೊಂದರ ಪ್ರಕಾರ, ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ಬೆಳೆಗಾರನಿಗೆ ಸಿಗುವುದು ಟೊಮೆಟೊದಲ್ಲಿ ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗಡ್ಡೆಯಲ್ಲಿ 37. ಓದಿದರೆ ಹೊಟ್ಟೆ ಉರಿಯುತ್ತದೆ.

ಆದರೆ ಉಳಿದ 67 ಪೈಸೆ ಪೂರ್ತಿ ದಲ್ಲಾಳಿಯ ಲಾಭವಲ್ಲ. ಅದರಲ್ಲಿ ಗಾಡಿ ಬಾಡಿಗೆ ಇದೆ, ಹಮಾಲಿ ಇದೆ, ಮಂಡಿ ಕಮಿಷನ್ ಇದೆ, ಪೇಟೆ ಅಂಗಡಿಯ ಬಾಡಿಗೆ ಮತ್ತು ಸಂಬಳ ಇದೆ. ಸಂಜೆಗೆ ಕೊಳೆತು ತಿಪ್ಪೆಗೆ ಹೋದ ಮಾಲಿನ ಬೆಲೆಯೂ ಅದರೊಳಗೇ ಇದೆ. ನಾವು ಅಂಗಡಿ ಇಟ್ಟರೆ ದಲ್ಲಾಳಿ ಹೋಗುತ್ತಾನೆ, ಅವನ ಕೆಲಸ ಹೋಗುವುದಿಲ್ಲ. ಅದು ನಮ್ಮ ತಲೆ ಮೇಲೆ ಬರುತ್ತದೆ. ಆದ್ದರಿಂದ 12ಕ್ಕೂ 36ಕ್ಕೂ ಇರುವ ಅಂತರ ನೋಡಿ ಅಂಗಡಿ ಹಿಡಿಯಬಾರದು. ಆ ಕೆಲಸವನ್ನು ಅವರಿಗಿಂತ ಕಡಿಮೆ ಖರ್ಚಿನಲ್ಲಿ ಮಾಡಬಲ್ಲೆವೋ ಇಲ್ಲವೋ ಅನ್ನುವುದನ್ನು ನೋಡಬೇಕು.

ಖರ್ಚಿನ ಕಡೆ

ಕೆಳಗಿನ ಅಂಕಿಗಳು ನಮ್ಮ ಅಂದಾಜು. ನಿಮ್ಮ ಊರು, ನಿಮ್ಮ ಪೇಟೆಗೆ ತಕ್ಕಂತೆ ಬದಲಾಯಿಸಿಕೊಳ್ಳಿ. ಲೆಕ್ಕದ ಕ್ರಮ ಮಾತ್ರ ಇದೇ.

ಮಳಿಗೆ ಬಾಡಿಗೆ ತಿಂಗಳಿಗೆ 30 ಸಾವಿರ. ಇಬ್ಬರು ಆಳುಗಳ ಸಂಬಳ 36 ಸಾವಿರ. ಕರೆಂಟು, ಚೀಲ, ಫೋನು, ಚಿಲ್ಲರೆ ಖರ್ಚು 5 ಸಾವಿರ. ನಮ್ಮೂರಿಂದ ಯಲಹಂಕ, ಹೆಬ್ಬಾಳ ದಾಟಿ ಆರ್.ಟಿ. ನಗರಕ್ಕೆ ಟೆಂಪೋ ದಿನಕ್ಕೆ 1,500ರಂತೆ 26 ದಿನಕ್ಕೆ 39 ಸಾವಿರ. ಹೆಬ್ಬಾಳದ ಜಂಗುಳಿಯಲ್ಲಿ ಸಿಕ್ಕಿಕೊಂಡರೆ ಸೊಪ್ಪು ಬಾಡುತ್ತದೆ, ಬೆಳಕು ಹರಿಯುವುದರೊಳಗೆ ದಾಟಿಬಿಡಬೇಕು. ಮುಂಗಡ 3 ಲಕ್ಷ ಮತ್ತು ಸಾಮಾನಿಗೆ 2 ಲಕ್ಷ, ಒಟ್ಟು 5 ಲಕ್ಷ. ನೂರಕ್ಕೆ ಒಂದರ ಬಡ್ಡಿಯಲ್ಲಿ ತಿಂಗಳಿಗೆ 5 ಸಾವಿರ. ಸ್ವಂತ ಹಣವಾದರೂ ಬಡ್ಡಿ ಬರೆಯಲೇಬೇಕು.

ಎಲ್ಲ ಕೂಡಿ ತಿಂಗಳಿಗೆ 1 ಲಕ್ಷದ 15 ಸಾವಿರ. ಒಂದು ಕಟ್ಟು ಕೊತ್ತಂಬರಿ ಮಾರಿದರೂ ಮಾರದಿದ್ದರೂ ಈ ಹಣ ಹೋಗುತ್ತದೆ.

ಆದಾಯದ ಕಡೆ

ತರಕಾರಿ ಅಂಗಡಿಗೆ ಬಂದವರು ಟೊಮೆಟೊ ಒಂದನ್ನೇ ಕೊಳ್ಳುವುದಿಲ್ಲ. ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಶುಂಠಿ, ಬೆಳ್ಳುಳ್ಳಿ, ನಿಂಬೆಹಣ್ಣು, ಎಲ್ಲ ಒಂದೇ ಕಡೆ ಬೇಕು. ನಲವತ್ತು ಬಗೆ ಇಟ್ಟರೆ ಅದು ಅಂಗಡಿ. ನಾವು ಹನ್ನೊಂದು ಜನ ಬೆಳೆಯುವುದು ಹನ್ನೆರಡು ಬಗೆ, ಅದೂ ಎಲ್ಲ ಕಾಲದಲ್ಲೂ ಅಲ್ಲ. ಉಳಿದದ್ದನ್ನು ಯಶವಂತಪುರದಿಂದಲೋ ಕಲಾಸಿಪಾಳ್ಯದಿಂದಲೋ ಕೊಂಡು ತರಬೇಕು. ಆ ಮಾಲಿನ ಮಟ್ಟಿಗೆ ನಾವೂ ಪಕ್ಕದ ಅಂಗಡಿಯವನೂ ಒಂದೇ. ಬೋರ್ಡಿನಲ್ಲಿ 'ರೈತರದೇ' ಅಂತ ಇರುತ್ತದೆ, ಒಳಗೆ ಅರ್ಧ ವ್ಯಾಪಾರಿಯ ಮಾಲು.

ಈಗ ಲೆಕ್ಕ. ಅಂಗಡಿಯಲ್ಲಿ 100 ರೂಪಾಯಿಗೆ ಮಾರುವ ನಮ್ಮ ಸ್ವಂತ ಮಾಲಿಗೆ ಮಂಡಿಯಲ್ಲಿ 33 ಸಿಗುತ್ತಿತ್ತು ಅನ್ನೋಣ. ನಮ್ಮವರಿಗೆ 45 ಕೊಡೋಣ. ಅಷ್ಟೂ ಹೆಚ್ಚು ಸಿಗದಿದ್ದರೆ ಯಾರು ಆರಿಸಿ ಒಪ್ಪ ಮಾಡಿ ಕೊಡುತ್ತಾರೆ? ಹೊರಗಿನಿಂದ ತರುವ ಮಾಲಿಗೆ 75 ಬೀಳುತ್ತದೆ. ಅರ್ಧ ಅದು, ಅರ್ಧ ಇದು ಅಂದರೆ ಸರಾಸರಿ ಅಸಲು 60.

ನೂರು ರೂಪಾಯಿಯ ಮಾಲು ಪೂರ್ತಿ ನೂರಕ್ಕೆ ಹೋಗುವುದಿಲ್ಲ. ಹತ್ತು ರೂಪಾಯಿಯದು ಕೊಳೆಯುತ್ತದೆ. ಇನ್ನೊಂದು ಹತ್ತು ರೂಪಾಯಿಯದು ಸಂಜೆ ಅರ್ಧ ಬೆಲೆಗೆ ಹೋಗುತ್ತದೆ. ಗಲ್ಲಾಕ್ಕೆ ಬರುವುದು 85. ಅಸಲು 60 ಕಳೆದರೆ ಉಳಿದದ್ದು 25.

ತಿಂಗಳ ಖರ್ಚು 1,15,000 ಹುಟ್ಟಬೇಕಾದರೆ ತಿಂಗಳಿಗೆ ಸುಮಾರು 3 ಲಕ್ಷ 91 ಸಾವಿರದ ವ್ಯಾಪಾರ ಆಗಬೇಕು. ದಿನಕ್ಕೆ 15 ಸಾವಿರ. ಒಬ್ಬರು 100 ರೂಪಾಯಿಗೆ ಕೊಂಡರೆ ದಿನಕ್ಕೆ 150 ಗಿರಾಕಿಗಳು, ಮಳೆ ಬರಲಿ, ಬಂದ್ ಆಗಲಿ.

ಬೇಸಿಗೆಯಲ್ಲಿ ಕೊಳವೆಬಾವಿ ಸೋತು ನಮ್ಮ ಮಾಲು ಆರನೇ ಒಂದು ಪಾಲಿಗೆ ಇಳಿಯಿತು ಅನ್ನಿ. ಆಗ ಸರಾಸರಿ ಅಸಲು 70 ಆಗುತ್ತದೆ, ಉಳಿಯುವುದು 15. ಅದೇ ಖರ್ಚಿಗೆ ದಿನಕ್ಕೆ 25 ಸಾವಿರದ ವ್ಯಾಪಾರ, 250 ಗಿರಾಕಿ ಬೇಕು. ನಮ್ಮ ಬಾವಿಯಲ್ಲಿ ನೀರು ಕಮ್ಮಿಯಾದ ತಿಂಗಳಲ್ಲೇ ಪೇಟೆಯಲ್ಲಿ ನೂರು ಗಿರಾಕಿ ಜಾಸ್ತಿ ಹುಡುಕಬೇಕು!

ಇನ್ನು ದಿನಕ್ಕೆ 150 ಜನ ಬಂದೇ ಬಂದರು ಅಂದುಕೊಳ್ಳಿ. ಅಂಗಡಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಮ್ಮ ಮಾಲಿಗೆ ಮಂಡಿಗಿಂತ ಹೆಚ್ಚು ಸಿಕ್ಕ 12 ರೂಪಾಯಿಯನ್ನು ಕೂಡಿಸಿದರೆ ತಿಂಗಳಿಗೆ ಎಲ್ಲರಿಗೂ ಸೇರಿ ಸುಮಾರು 27,600. ಹನ್ನೊಂದು ಜನಕ್ಕೆ ಹಂಚಿದರೆ ತಲೆಗೆ 2,500. ಮಂಡಿಗೆ ಹಾಕುವ ಗಾಡಿ ಬಾಡಿಗೆ ಉಳಿಯಿತು ಅಂತ ಇನ್ನೈನೂರು ಸೇರಿಸಿ. ಹಸು ಮಾರಿ, ಓಲೆ ಅಡವಿಟ್ಟು, ತಿಂಗಳಿಗೆ ಮೂರು ಸಾವಿರ. ಹಾಳೆಯ ಮೇಲೆ ಈ ಅಂಕಿ ಬಂದಾಗ ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ರಸ್ತೆಯಲ್ಲಿ ನಿಂತು ಎಣಿಸಿದೆವು

150 ಜನ ಬರುತ್ತಾರೋ ಇಲ್ಲವೋ ಅನ್ನುವುದನ್ನು ಊರಲ್ಲಿ ಕೂತು ಹೇಳಲಾಗದು. ನಾನೂ ಇನ್ನೊಬ್ಬರೂ ಬುಧವಾರ, ಶನಿವಾರ, ಭಾನುವಾರ ಆ ಮಳಿಗೆಯ ಎದುರು ನಿಂತೆವು. ಬೆಳಗ್ಗೆ 7ರಿಂದ 10, ಸಂಜೆ 5ರಿಂದ 8. ಹತ್ತಿರದಲ್ಲೇ ಹಳೆಯದೊಂದು ತರಕಾರಿ ಅಂಗಡಿ ಇದೆ. ಅಲ್ಲಿಂದ ಚೀಲ ಹಿಡಿದು ಹೊರಬಂದವರನ್ನು ಎಣಿಸಿದೆವು. ಬುಧವಾರ 58, ಶನಿವಾರ 83, ಭಾನುವಾರ 121. ವರ್ಷಗಟ್ಟಲೆ ಬೇರು ಬಿಟ್ಟ ಅಂಗಡಿಯ ಗತಿ ಇದು. ಎಷ್ಟೋ ಜನರ ಕೈಯಲ್ಲಿದ್ದದ್ದು ನಲವತ್ತು, ಐವತ್ತು ರೂಪಾಯಿಯ ಮಾಲು. ತಲೆಗೆ ನೂರು ಅಂತ ನಾವು ಹಿಡಿದದ್ದೇ ಹೆಚ್ಚಾಯಿತು.

ನಿಂತಿದ್ದರಿಂದ ಇನ್ನೂ ಕೆಲವು ವಿಷಯ ತಿಳಿಯಿತು. ಮಳಿಗೆ ಮುಂದೆ ಸ್ಕೂಟರು ನಿಲ್ಲಿಸಲು ಜಾಗವಿಲ್ಲ. ಪಕ್ಕದ ಟೈಲರನ್ನು ಮಾತಾಡಿಸಿದಾಗ, ಆ ಮಳಿಗೆಯಲ್ಲಿ ನಾಲ್ಕು ವರ್ಷಕ್ಕೆ ಮೂರು ಅಂಗಡಿ ಬಂದು ಹೋಯಿತು ಅಂದರು. ಮಾಲೀಕರು ಇದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಖಾಲಿ ಮಳಿಗೆ ಕಂಡರೆ ಬಾಡಿಗೆ ಎಷ್ಟು ಅಂತ ಕೇಳುವ ಮೊದಲು ಯಾಕೆ ಖಾಲಿಯಾಯಿತು ಅಂತ ಅಕ್ಕಪಕ್ಕದವರನ್ನು ಕೇಳಬೇಕು.

ಅಡ್ಡರಸ್ತೆಗಳಲ್ಲೂ ಓಡಾಡಿದೆವು. ದಿಣ್ಣೂರು, ಸುಲ್ತಾನ್ ಪಾಳ್ಯ, ಗಂಗಾನಗರದ ಕಡೆಯೆಲ್ಲ ತಳ್ಳುಗಾಡಿಯವರು ಮನೆ ಬಾಗಿಲಿಗೇ ಬರುತ್ತಾರೆ. ಅವರಿಗೆ ಬಾಡಿಗೆ ಇಲ್ಲ, ಮುಂಗಡ ಇಲ್ಲ; ಯಾವ ಮನೆಗೆ ಎಷ್ಟು ಸೊಪ್ಪು ಬೇಕು ಅಂತ ಬಾಯಿಪಾಠ. ಮೇಲಿಂದ ಈಗ ಮೊಬೈಲಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಈರುಳ್ಳಿ ತಂದುಕೊಡುವ ಕಂಪನಿಗಳು. ಅವರು ನಷ್ಟ ತಡೆದುಕೊಂಡು ವರ್ಷಗಟ್ಟಲೆ ಗಿರಾಕಿ ಹಿಡಿಯಬಲ್ಲರು. ನಾವು ಮೂರು ತಿಂಗಳು ತಡೆಯಲಾರೆವು.

ಹಾಗಂತ ನಮಗೆ ಜಾಗವೇ ಇಲ್ಲ ಅಂತಲ್ಲ. ಒಂದು ಬೀದಿಯಲ್ಲಿ ಸೊಗಡವರೆ ಯಾವಾಗ ಬರುತ್ತೆ ಅಂತ ಕೇಳಿದರು. ಇನ್ನೊಂದು ಬೀದಿಯಲ್ಲಿ ಪುದೀನ, ಕೊತ್ತಂಬರಿ ಕಟ್ಟುಗಟ್ಟಲೆ ಬೇಕು ಅಂದರು, ರಂಜಾನ್ ತಿಂಗಳಲ್ಲಂತೂ ಹಣ್ಣಿಗೆ ಎಲ್ಲಿಲ್ಲದ ಗಿರಾಕಿ ಅಂದರು. ಮನೆಯಲ್ಲಿ ಬೀಸಿದಂಥ ರಾಗಿ ಹಿಟ್ಟು ಸಿಕ್ಕರೆ ತಿಂಗಳಿಗೆ ಐದು ಕೆಜಿ ಖಾಯಂ ಅಂದವರು ಹಲವರು. ಇವು ನಮ್ಮಲ್ಲಿ ಇರುವಂಥವೇ.

ಹಿಂದೆ ಮಾಡಿದವರಿಂದ ಕಲಿಯುವುದು

ರೈತರು ಕೂಡಿ ಬೆಂಗಳೂರಲ್ಲಿ ಅಂಗಡಿ ಇಡುವುದು ಹೊಸದೇನಲ್ಲ. ಹಾಪ್‌ಕಾಮ್ಸ್ ಹುಟ್ಟಿದ್ದು 1959ರಲ್ಲಿ, ಎಂ.ಎಚ್. ಮರಿಗೌಡರ ಮುಂದಾಳತ್ವದಲ್ಲಿ, ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ಆಮೇಲೆ ಹಣ್ಣು, ತರಕಾರಿ ಎಲ್ಲ ಸೇರಿತು. ಅದರ ಮಳಿಗೆಗಳನ್ನು ಗಮನಿಸಿ: ಎಷ್ಟೋ ಕಡೆ ಸಾರ್ವಜನಿಕ ಜಾಗದ ಒಂದು ಮೂಲೆ, ಪುಟ್ಟ ಗೂಡು. ಮುಖ್ಯರಸ್ತೆಯ ಪೇಟೆ ಬಾಡಿಗೆಯ ಮಳಿಗೆ ಅಲ್ಲ. ಹಲವು ಜಿಲ್ಲೆಗಳ ರೈತರ ಮಾಲು ಬರುವುದರಿಂದ ಒಂದು ಕಡೆ ಬೆಳೆ ಹೋದರೂ ಅಂಗಡಿ ಖಾಲಿಯಾಗುವುದಿಲ್ಲ. ಇಷ್ಟಿದ್ದೂ ಈಚಿನ ವರ್ಷಗಳಲ್ಲಿ ಅದು ಹಲವು ಮಳಿಗೆ ಮುಚ್ಚಬೇಕಾಯಿತು. ಹನ್ನೊಂದು ಜನದ ಗುಂಪು ಅದಕ್ಕಿಂತ ಗಟ್ಟಿ ಅಂತ ಹೇಗೆ ನಂಬುವುದು?

"ನಂದಿನಿ ನಡೀತಿಲ್ವಾ?" ಅಂತ ಒಬ್ಬರು ಕೇಳಿದರು. ನಡೆಯುತ್ತದೆ. ಹಸು ದಿನಾ ಹಾಲು ಕೊಡುತ್ತದೆ, ಜನ ದಿನಾ ಕೊಳ್ಳುತ್ತಾರೆ, ಬೆಲೆ ಗೊತ್ತಿರುತ್ತದೆ. ಬೂತಿನವನಿಗೆ ಕಮಿಷನ್. ಸಾವಿರಾರು ಊರಿನ ಸಂಘಗಳು ಹಿಂದೆ ನಿಂತಿವೆ. ತರಕಾರಿಗೆ ಇದರಲ್ಲಿ ಒಂದೂ ಇಲ್ಲ. ಇವತ್ತು 12 ರೂಪಾಯಿ, ಹದಿನೈದು ದಿನಕ್ಕೆ 50.

ದೊಡ್ಡ ದುಡ್ಡಿದ್ದರೆ ಸಾಕು ಅನ್ನುವುದೂ ಸುಳ್ಳು. 1997ರಲ್ಲಿ ಚೆನ್ನೈಯಲ್ಲಿ ಸುರುವಾದ ಸುಭಿಕ್ಷಾ ಕಂಪನಿ 2008ರ ಹೊತ್ತಿಗೆ ಬೆಂಗಳೂರೂ ಸೇರಿ ದೇಶದಲ್ಲಿ ಸುಮಾರು 1,600 ಮಳಿಗೆ ತೆರೆದಿತ್ತು. ಸಾಲದ ಮೇಲೆ ಮಳಿಗೆ ಹೆಚ್ಚಿಸಿ, ಕೈಯಲ್ಲಿ ಓಡಾಡುವ ಹಣ ಬತ್ತಿ, 2009ರಲ್ಲಿ ಬಾಗಿಲು ಹಾಕಿತು. ಸಂಬಳ, ಬಾಡಿಗೆ, ಮಾಲು ಕೊಟ್ಟವರ ಹಣ ಬಾಕಿ ಉಳಿಯಿತು. ಕೈಯಲ್ಲಿದ್ದದ್ದೆಲ್ಲ ಮುಂಗಡಕ್ಕೇ ಸುರಿದರೆ ಎರಡನೇ ತಿಂಗಳಿಗೆ ನಮ್ಮ ಗತಿಯೂ ಅದೇ.

ಬಾಗಿಲು ತೆಗೆಯೋರು ಯಾರು?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕೇಳಿದ್ದು ಗುಂಪಿನ ಗಂಡಸರಲ್ಲ, ಕಾಫಿ ತಂದುಕೊಟ್ಟ ಅಕ್ಕ. "ಅದೆಲ್ಲ ಸರಿ ಅಣ್ಣಾ, ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋರು ಯಾರು?" ಅಂದರು. ಆಳಿನ ಕೈಗೆ ಗಲ್ಲಾ ಬಿಟ್ಟು ಬರುವ ಹಾಗಿಲ್ಲ. ನಮ್ಮಲ್ಲೊಬ್ಬರು ದಿನಾ ಅಲ್ಲಿರಬೇಕು. ಅವರ ಹೊಲಕ್ಕೆ ನೀರು ಕಟ್ಟುವವರು, ಹಾಲು ಕರೆಯುವವರು ಯಾರು? ಸರದಿ ಮಾಡೋಣ ಅಂದರೆ ಹನ್ನೊಂದು ದಿನಕ್ಕೊಮ್ಮೆ ಬರುವವನಿಗೆ ಗಿರಾಕಿಯ ಮುಖವೇ ಗೊತ್ತಿರುವುದಿಲ್ಲ. ಆ ಒಬ್ಬರ ಕೂಲಿಯನ್ನು ನಾವು ಖರ್ಚಿನ ಪಟ್ಟಿಯಲ್ಲಿ ಬರೆದೇ ಇರಲಿಲ್ಲ. ಇದು ನಮ್ಮೆಲ್ಲರ ಹಳೆಯ ಜಾಡ್ಯ. ಬೆಳೆಯ ಲೆಕ್ಕದಲ್ಲೂ ಮನೆಯವರ ದುಡಿಮೆಗೆ ಸೊನ್ನೆ ಬರೆಯುತ್ತೇವೆ, ಅಂಗಡಿಯ ಲೆಕ್ಕದಲ್ಲೂ ಅಷ್ಟೇ.

ಕಾಗದಪತ್ರದ ಕೆಲಸವೂ ಇದೆ. ಪಾಲಿಕೆಯ ವ್ಯಾಪಾರ ಪರವಾನಗಿ, ಆಹಾರ ಸುರಕ್ಷತೆಯ ನೋಂದಣಿ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಆದರೂ 2025ರ ಜುಲೈಯಲ್ಲಿ ಯುಪಿಐ ಮೂಲಕ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ ಬೆಂಗಳೂರಿನ ಬೀದಿ ಬೀದಿಯಲ್ಲಿ ಗಾಬರಿಯಾಯಿತು. ತೆರಿಗೆ ಇಲ್ಲದ ಮಾಲು ಮಾರುವವನೂ ಇದು ಅಂಥ ಮಾಲು ಅಂತ ಲೆಕ್ಕ ತೋರಿಸಬೇಕು. ಗುಂಪಿನ ಹಣ ಒಬ್ಬರ ಸ್ವಂತ ಖಾತೆಗೆ ಬೀಳುವ ಏರ್ಪಾಡು ಖಂಡಿತ ಬೇಡ. ಇಲಾಖೆಯ ಮಾತು ಆಮೇಲೆ, ಮೊದಲು ನಮ್ಮೊಳಗೇ ಅನುಮಾನ ಹುಟ್ಟುತ್ತದೆ.

ಹಾಗಾದರೆ ಏನು ಮಾಡೋಣ?

ಹುಡುಗನಿಗೆ ಬೇಜಾರಾಯಿತು. "ಹೆದರಿಕೊಂಡೇ ಕೂತರೆ ಇನ್ನೂ ಇಪ್ಪತ್ತು ವರ್ಷ 12 ರೂಪಾಯಿಗೇ ಹಾಕ್ತಿರ್ತೀರಿ" ಅಂದ. ಅವನ ಮಾತಿನಲ್ಲೂ ನ್ಯಾಯ ಇದೆ. ಮಂಡಿ ಒಂದನ್ನೇ ನಂಬಿ ಕೂರುವುದು ನನಗೂ ಇಷ್ಟವಿಲ್ಲ. 2020ರ ಲಾಕ್‌ಡೌನಿನಲ್ಲಿ ನಮ್ಮ ದ್ರಾಕ್ಷಿಯವರು ಯಲಹಂಕದ ಅಪಾರ್ಟ್‌ಮೆಂಟುಗಳ ಗೇಟಿಗೇ ಒಯ್ದು ಮಾರಿದ್ದರು. ಆಗ ಚೆನ್ನಾಗಿ ಹೋಯಿತು. ಲಾಕ್‌ಡೌನ್ ತೆಗೆದ ಮೇಲೆ ಆರ್ಡರು ನಿಂತಿತು, ನಾವೂ ಬಿಟ್ಟುಬಿಟ್ಟೆವು. ಬಿಡಬಾರದಿತ್ತು. ಕಡಿಮೆಯಾದರೂ ಉಳಿದ ಮನೆಗಳನ್ನು ಹಿಡಿದಿಟ್ಟುಕೊಂಡಿದ್ದರೆ ಇವತ್ತು ಸೊನ್ನೆಯಿಂದ ಸುರು ಮಾಡಬೇಕಿರಲಿಲ್ಲ.

ಅದಕ್ಕೇ ನನ್ನ ಸಲಹೆ: ಮಳಿಗೆ ಬೇಡ, ಮೊದಲು ಶನಿವಾರ, ಭಾನುವಾರ ಟೆಂಪೋ. ಗುಂಪಿನ ಒಬ್ಬರ ತಮ್ಮನ ಮನೆ ಆರ್.ಟಿ. ನಗರದ ಅಡ್ಡರಸ್ತೆಯಲ್ಲಿದೆ, ಕಾಂಪೌಂಡಿನೊಳಗೆ ಕಾರು ನಿಲ್ಲಿಸುವ ಜಾಗ ಬಿಟ್ಟುಕೊಡುತ್ತಾರೆ. ನಲವತ್ತು ಬಗೆ ಬೇಡ, ನಮ್ಮದೇ ಎಂಟು ಬಗೆ ಸಾಕು. ವಾಟ್ಸಾಪಿನಲ್ಲಿ ಗುರುವಾರವೇ ಆರ್ಡರು ತೆಗೆದುಕೊಂಡು, ಅಷ್ಟನ್ನೇ ಕೊಯ್ಯುವುದು.

ಇದರ ಲೆಕ್ಕವನ್ನೂ ಹಾಕಿದ್ದೇವೆ. ತಿಂಗಳಿಗೆ ಎಂಟು ದಿನ ಟೆಂಪೋ 12 ಸಾವಿರ, ಕೂತವರ ಕೂಲಿ, ಊಟ 4 ಸಾವಿರ, ಒಟ್ಟು 16 ಸಾವಿರ. ಮಾಲೆಲ್ಲ ನಮ್ಮದೇ ಆದ್ದರಿಂದ ಅಸಲು 45. ಆರ್ಡರಿನ ಮೇಲೆ ಕೊಯ್ದರೆ ಕೊಳೆಯುವುದೂ ಅರ್ಧಕ್ಕೆ ಇಳಿಯುತ್ತದೆ. ನೂರರ ಮಾಲಿಗೆ 92 ರೂಪಾಯಿ 50 ಪೈಸೆ ಕೈಗೆ ಬಂದರೆ ಉಳಿಯುವುದು 47 ರೂಪಾಯಿ 50 ಪೈಸೆ. ದಿನಕ್ಕೆ 3,900 ರೂಪಾಯಿ, ಅಂದರೆ ನೂರರಂತೆ 40 ಮನೆ ಸಿಕ್ಕರೆ ಖರ್ಚು ಹುಟ್ಟುತ್ತದೆ. ಸೋತರೂ ಹೋಗುವುದು ಟೆಂಪೋ ಬಾಡಿಗೆ, ಹಸು ಕೊಟ್ಟಿಗೆಯಲ್ಲೇ ಇರುತ್ತದೆ.

ಆರು ತಿಂಗಳು ಹೀಗೆ ನಡೆಸಬೇಕು, ಅದರಲ್ಲಿ ಒಂದು ಅವರೆ ಕಾಲ, ಒಂದು ಬೇಸಿಗೆ ಬರುವ ಹಾಗೆ. ಆಮೇಲೆ ಈ ನಾಲ್ಕು ಪ್ರಶ್ನೆಗೂ ಹೌದು ಅನ್ನುವಂತಿದ್ದರೆ ಮಳಿಗೆಯ ಮಾತು ಎತ್ತೋಣ. ವಾರ ವಾರವೂ ತಪ್ಪದೆ ಕೊಳ್ಳುವ ಮನೆ ನೂರಕ್ಕೆ ಮುಟ್ಟಿತೇ? ಬೇಸಿಗೆಯಲ್ಲೂ ಅರ್ಧದಷ್ಟು ಮಾಲು ನಮ್ಮದೇ ಇತ್ತೇ? ಮುಂಗಡ ಕೊಟ್ಟ ಮೇಲೂ ಮೂರು ತಿಂಗಳ ಖರ್ಚಿನ ಹಣ ಕೈಯಲ್ಲಿ ಉಳಿಯುತ್ತದೆಯೇ? ಬಾಗಿಲು ತೆಗೆಯುವವರು ಸಂಬಳ ಸಮೇತ ಗೊತ್ತಾದರೇ? ಒಂದಕ್ಕೆ ಇಲ್ಲ ಅಂದರೂ ಟೆಂಪೋನೇ ಸಾಕು.

ಗುಂಪಿನಲ್ಲಿ ಎಲ್ಲರೂ ಒಪ್ಪಿಲ್ಲ. ಮೂವರಿಗೆ ಇನ್ನೂ ಮಳಿಗೆಯ ಮೇಲೇ ಮನಸ್ಸು. ಮಾಲೀಕರಿಗೆ ಮಾತ್ರ ಈಗ ಬೇಡ ಅಂತ ಹೇಳಿ ಬಂದೆವು. ಮೊದಲನೇ ಶನಿವಾರಕ್ಕೆ 23 ಮನೆಯ ಆರ್ಡರು ಬಂದಿದೆ. 40 ಆಗಲು ಇನ್ನೂ 17 ಬೇಕು. ಹುಡುಗ ತನ್ನ ಬೀದಿಯ ಮನೆ ಮನೆಗೂ ಹೋಗಿ ಕೇಳಿ ಬರುತ್ತೇನೆ ಅಂದಿದ್ದಾನೆ.

ಪೇಟೆಯಲ್ಲಿ ಅಂಗಡಿ ಇಟ್ಟು ಗೆದ್ದವರು, ಇಟ್ಟು ಮುಚ್ಚಿದವರು ಓದುಗರಲ್ಲಿ ಇರಬಹುದು. ದಿನಕ್ಕೆ ಎಷ್ಟು ಗಿರಾಕಿ, ಎಷ್ಟು ಕೊಳೆತದ್ದು, ಬಾಡಿಗೆ ಎಷ್ಟು, ಈ ಮೂರನ್ನು ಬರೆದು ತಿಳಿಸಿದರೆ ನಮ್ಮಂಥ ಗುಂಪುಗಳಿಗೆ ದೊಡ್ಡ ಉಪಕಾರ. ಗೆದ್ದವರ ಕಥೆ ಹೇಗೂ ಎಲ್ಲ ಕಡೆ ಬರುತ್ತದೆ. ಮುಚ್ಚಿದವರು ಸಂಕೋಚ ಬಿಟ್ಟು ಬರೆಯಿರಿ.